ಬಾಗಿಲ ಮುಂದೆ ಕೈ ಎತ್ತಿ ನಿಂತ ದೆವ್ವ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ಸಂಜನಾ ಇವತ್ತು ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿಗೆ ಬಂದಳು. ಮಳೆಗಾಲದಿಂದ ನಾನು ಓದದೆ ಬಿಟ್ಟಿದ್ದ ಕತೆಯ ಮುಂದಿನ ಕಂತನ್ನು ಅವಳ ಪಕ್ಕ ಕೂತು ಓದಿದೆ. ಇದನ್ನು ಹೇಳುವಾಗಲೂ ನನ್ನ ಮುಖ ಅಗಲವಾಗಿಯೇ ಇದೆ ಎಂದು ಹೆಂಡತಿ ಅಡುಗೆಮನೆಯಿಂದ ಹೇಳುತ್ತಿದ್ದಾಳೆ. ಇರಲಿ. ನನ್ನ ಮುಖ, ನನ್ನ ಮೊಮ್ಮಗಳು.

ಒಂದು ಕಂತಿಗೆ ಇಷ್ಟು ಸಂಭ್ರಮವೇ ಎಂದು ನಿಮಗೆ ಅನ್ನಿಸಬಹುದು. ಕತೆ ಪುಸ್ತಕದ್ದಲ್ಲ, ಮೊಬೈಲಿನಲ್ಲಿ ಬರುವ ಚಿತ್ರಕತೆ. ಅದಕ್ಕೆ ವೆಬ್‌ಕಾಮಿಕ್ ಎನ್ನಬೇಕು ಎಂದು ಸಂಜನಾ ಕಲಿಸಿದ್ದಾಳೆ, ನನ್ನ ನಾಲಿಗೆಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಬೆರಳಿನಿಂದ ಮೇಲೆ ತಳ್ಳಿದ ಹಾಗೆ ಕೆಳಗಿನಿಂದ ಚಿತ್ರ ಬರುತ್ತಲೇ ಇರುತ್ತದೆ, ಬಾವಿಯಿಂದ ಕೊಡಪಾನ ಎಳೆದ ಹಾಗೆ. ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಪೇಪರಿನಲ್ಲಿ ಅಕ್ಷರಗಳು ಇರುವೆಗಳಂತೆ ಒತ್ತೊತ್ತಾಗಿ ಹೋಗುತ್ತವೆ, ಹಿಡಿಯಲು ಹೋದರೆ ಚದುರುತ್ತವೆ. ಇಲ್ಲಿ ಹಾಗಲ್ಲ. ನಾಲ್ಕೇ ಮಾತನ್ನು ಒಂದು ಗುಳ್ಳೆಯೊಳಗೆ ಹಾಕಿ ಆಡಿದವರ ಬಾಯಿಯ ಪಕ್ಕದಲ್ಲೇ ಇಟ್ಟಿರುತ್ತಾರೆ. ಮಾತು ತಿಳಿಯದಿದ್ದರೆ ಮುಖ ನೋಡಿದರಾಯಿತು. ಅಕ್ಷರ ಕಮ್ಮಿ ಇದ್ದವರ ಮೇಲೆ ಇಷ್ಟು ಕರುಣೆ ಇಟ್ಟ ಓದನ್ನು ನಾನು ಬೇರೆ ಕಂಡಿಲ್ಲ.

ನಾವು ಓದುತ್ತಿದ್ದದ್ದು ಒಂದು ದೆವ್ವದ ಕತೆ. ಐಸ್ ಫ್ಯಾಕ್ಟರಿಯಲ್ಲಿ ಕಾವಲಿಗಿರುವ ದೆವ್ವ, ಅದಕ್ಕೆ ಕತ್ತಲೆಯೆಂದರೆ ಹೆದರಿಕೆ. ಕೊನೆಗೆ ಕೆಲಸ ಬಿಟ್ಟು ತಾಯಿಯನ್ನು ಹುಡುಕಿಕೊಂಡು ಹೊರಡುತ್ತದೆ. ಶನಿವಾರಕ್ಕೊಂದು ಕಂತು. "ಅಜ್ಜಾ, ಇದ್ನ ಓದಿ ನೋಡು, ನಿಂಗೆ ಸೇರ್ತದೆ" ಎಂದು ಸಂಜನಾ ಕೊಟ್ಟಾಗ ನಾನು ಮರ್ಯಾದೆಗೆಂದು ನೋಡಿದೆ. ನಾಲ್ಕು ಶನಿವಾರ ಕಳೆಯುವಷ್ಟರಲ್ಲಿ ನಾನೇ ಜಗಲಿಯಲ್ಲಿ ಮೊದಲು ಕೂತು ಅವಳನ್ನು ಕರೆಯುತ್ತಿದ್ದೆ.

ಆ ಮಳೆಗಾಲದಲ್ಲೇ ಅವಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅವಳು ಹೊರಟ ವಾರ ದೆವ್ವ ತಾಯಿಯ ಮನೆಯನ್ನು ಹುಡುಕಿ, ಬಾಗಿಲು ಬಡಿಯಲು ಕೈ ಎತ್ತಿತ್ತು. ಅಲ್ಲಿಗೆ ಕಂತು ಮುಗಿದಿತ್ತು. ಬಸ್ಸಿನ ಕಿಟಕಿಯ ಕೆಳಗೆ ನಿಂತು ನಾನು, ಮುಂದಿನದ್ದನ್ನು ನೀನು ಬಂದಾಗ ಓದೋಣ ಎಂದೆ. ಅವಳು "ಅಡ್ಡಿಲ್ಲ ಅಜ್ಜಾ" ಎಂದಳು. ಬಸ್ಸು ಹೋಯಿತು.

ಇಲ್ಲಿ ರಂಪಣಿ ಬಲೆಯ ವಿಷಯ ಹೇಳದಿದ್ದರೆ ನಾನು ಬರೀ ಹಟಮಾರಿ ಮುದುಕನಂತೆ ಕಾಣುತ್ತೇನೆ. ಸಣ್ಣವನಿದ್ದಾಗ ಅಪ್ಪನ ಜೊತೆ ಅರ್ಗಾದ ದಂಡೆಗೆ ಹೋಗುತ್ತಿದ್ದೆ. ಆ ದಂಡೆ ಈಗ ನೌಕಾನೆಲೆಯ ಬೇಲಿಯ ಒಳಗೆ. ಕಾರವಾರದ ಬಸ್ಸಿನಲ್ಲಿ ಕೂತು ಎಷ್ಟು ಕತ್ತು ಉದ್ದ ಮಾಡಿದರೂ ಕಾಣುವುದಿಲ್ಲ. ದೋಣಿಯವರು ನೀರಿನಲ್ಲಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಿದ್ದರು, ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತಿತ್ತು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ನಾನು ಎಳೆದೆನೋ ಜೋತುಬಿದ್ದೆನೋ ಯಾರೂ ಕೇಳುತ್ತಿರಲಿಲ್ಲ, ನನಗೂ ಪಾಲು. ಆದರೆ ಪಾಲಾಗುವವರೆಗೆ ಒಬ್ಬರೂ ಒಂದು ಬಂಗಡೆಯನ್ನೂ ಮನೆಗೆ ಒಯ್ಯುವಂತಿಲ್ಲ. ಹಗ್ಗ ಹಿಡಿದವನು ಎಲ್ಲಿಗೋ ಹೋಗಿದ್ದರೆ ಬರುವವರೆಗೆ ಕಾಯಬೇಕು. ಈ ಕತೆಯ ಹಗ್ಗಕ್ಕೆ ಮೊದಲು ಕೈ ಹಚ್ಚಿದವಳು ಸಂಜನಾ. ಅವಳನ್ನು ಬಿಟ್ಟು ನಾನು ಮುಂದೆ ಓದುವುದು ಹೇಗೆ?

ಹಾಗೆಂದು ಸುಮ್ಮನೆಯೂ ಕೂರಲಿಲ್ಲ. ಒಳ್ಳೆಯ ಕತೆ ಹೊಟ್ಟೆಯಲ್ಲಿದ್ದರೆ ಮನುಷ್ಯ ತಡೆಯಲಾರ. ಸಿಕ್ಕಸಿಕ್ಕವರಿಗೆ ಓದಿ ಓದಿ ಎಂದು ಗಂಟು ಬಿದ್ದೆ. ಕಾರವಾರದ ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಹೆಂಗಸಿಗೆ, "ಒಂದು ದೆವ್ವ ಅದೆ, ರಾಶಿ ಒಳ್ಳೇದು" ಎಂದು ಶುರು ಮಾಡಿದೆ. ಆಕೆ ಎದ್ದು ಬೇರೆ ಬೆಂಚಿಗೆ ಹೋದಳು. ಅಂದಿನಿಂದ ದೆವ್ವವನ್ನು ಎರಡನೇ ಮಾತಿನಲ್ಲಿ ತರುತ್ತೇನೆ, ಮೊದಲು ಐಸ್ ಫ್ಯಾಕ್ಟರಿ.

ಬಲೆ ಹೊಲಿಯುವ ನಮ್ಮ ಚಪ್ಪರದಲ್ಲಿ ಮಾತ್ರ ನನ್ನ ಮಾತು ನಡೆಯಿತು. ಹೊಲಿಯುವಾಗ ಎರಡೂ ಕೈಗೆ ಕೆಲಸ. ಹಾಗಾಗಿ ಮೊಬೈಲನ್ನು ಬೋರಲು ಬುಟ್ಟಿಯ ಮೇಲೆ ನಿಲ್ಲಿಸಿ, ಸರದಿಯ ಮೇಲೆ ಒಬ್ಬರು ಮೊಣಕೈಯಿಂದ ತಳ್ಳುತ್ತಾರೆ, ಉಳಿದವರು ನೋಡುತ್ತಾರೆ. ನಾನು ಹಚ್ಚಿದ ಹುಚ್ಚು ಅದು. ಆಮೇಲೆ ಅವರೆಲ್ಲ ಮುಂದೆ ಹೋದರು, ನಾನು ಬಾಗಿಲಲ್ಲೇ ಉಳಿದೆ. ನಾನು ಹೋದರೆ, ಮುಂದಿನ ಕತೆ ನನ್ನ ಕಿವಿಗೆ ಬೀಳಬಾರದೆಂದು ಅವರ ಮಾತು ನಿಲ್ಲುತ್ತಿತ್ತು. ಒಂದು ದಿನ ನನ್ನ ಗೆಳೆಯ ಬೊಮ್ಮಯ್ಯ ಬುಟ್ಟಿಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ. ದೆವ್ವದ ತಾಯಿ ಸತ್ತಿದ್ದಾಳೆಯೇ, ಬಾಗಿಲು ತೆಗೆಯಲಿಲ್ಲವೇ ಎಂದು ನನಗೆ ಊಟ ಸೇರಲಿಲ್ಲ.

"ಹೇಳೂದಾ ಮಾರಾಯಾ? ಒಂದೇ ಮಾತು" ಎಂದ ಬೊಮ್ಮಯ್ಯ.

"ಬ್ಯಾಡ. ನನ್ನ ಮೊಮ್ಮಗಳು ಬರ್ಲಿ."

"ನಿನ್ನ ಮೊಮ್ಮಗಳಿಗೆ ಈ ದೆವ್ವದ ನೆನಪಾದ್ರೂ ಅದೆಯಾ?"

ತಮಾಷೆಗೆ ಹೇಳಿದ್ದು, ನನಗೆ ಗೊತ್ತು. ಆದರೆ ಮುಳ್ಳು ಒಳಗೇ ಉಳಿಯಿತು. ಚೌತಿಗೆ ಅವಳು ಬರಲಿಲ್ಲ, ಪರೀಕ್ಷೆ. ದೀಪಾವಳಿಗೆ ಡ್ಯೂಟಿ. ಫೋನಿನಲ್ಲಿ ಉಂಡೆಯಾ, ಮಲಗಿದೆಯಾ, ಅಷ್ಟೇ. ಕತೆಯ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದರೆ "ಯಾವ ಕತೆ?" ಎಂದುಬಿಟ್ಟಾಳು ಎಂಬ ಹೆದರಿಕೆ. ಶನಿವಾರ ಸಂಜೆ ಜಗಲಿಯಲ್ಲಿ ಕೂತು ಅದೇ ಹಳೆಯ ಚಿತ್ರ ತೆಗೆಯುತ್ತಿದ್ದೆ. ಕೈ ಎತ್ತಿ ನಿಂತ ದೆವ್ವ. ಪಾಪ, ಅದರ ಕೈ ಎಷ್ಟು ನೋಯುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಬೆರಳು ಒಂದು ಸಲ ತಳ್ಳಿದರೆ ಬಾಗಿಲು ತೆರೆಯುತ್ತಿತ್ತು. ತಳ್ಳಲಿಲ್ಲ.

ಇವತ್ತು ಅವಳು ಕೈಕಾಲು ತೊಳೆದು, ಚಾ ಕುಡಿದು, ಜಗಲಿಗೆ ಬಂದಳು. ನಾನು ಮೊಬೈಲಿನಲ್ಲಿ ಅದೇ ಚಿತ್ರ ತೆಗೆದು ಕೂತಿದ್ದೆ. ಅವಳು ಬಗ್ಗಿ ನೋಡಿ, ಇನ್ನೂ ಇಲ್ಲೇ ಇದ್ದೀಯಾ ಎಂದು ಬಾಯಿ ತೆರೆದಳು. ಅವಳು ಕಾದಿರಲಿಲ್ಲ. ಹಾಸ್ಟೆಲಿಗೆ ಹೋದ ಮುಂದಿನ ವಾರವೇ ಓದಿದ್ದಳಂತೆ. ಅದನ್ನು ಮುಗಿಸಿ ಬೇರೆ ಏನೇನೋ ಓದಿದ್ದಳಂತೆ.

ನಾನು ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದೆ. ಬೇಸರ ತೋರಿಸದೆ, ಹಾಗಾದರೆ ನಾನೊಬ್ಬನೇ ಓದಿಕೊಳ್ಳುತ್ತೇನೆ ಬಿಡು, ಓದಿದ್ದನ್ನೇ ನೀನು ಯಾಕೆ ಓದಬೇಕು ಎಂದೆ.

ಅವಳು ಪಕ್ಕಕ್ಕೆ ಸರಿದು ಕೂತಳು. "ಇದ್ರಲ್ಲಿ ಒಂದು ಜಾಗ ಅದೆ ಅಜ್ಜಾ. ಅಲ್ಲಿಗೆ ಬಂದಾಗ ನನ್ನ ರೂಮಲ್ಲಿ ಯಾರೂ ಇರ್ಲಿಲ್ಲ. ನಿನ್ನ ಮುಖ ಹ್ಯಾಂಗೆ ಆಗ್ತದೆ ನೋಡ್ಬೇಕಂತ ಅವತ್ತೇ ಅಂದ್ಕಂಡೆ. ಓದು."

ಓದಿದೆ. ಅವಳು ಮೊಬೈಲ್ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಗಿಲು ತೆರೆಯಿತೋ, ಯಾರು ತೆಗೆದರೋ ನಾನು ನಿಮಗೆ ಹೇಳುವುದಿಲ್ಲ. ನೀವೇ ಓದಿ, ಓದುವಾಗ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ನಾನು ಅತ್ತೆ ಎನ್ನುತ್ತಾಳೆ ಸಂಜನಾ. ಕಣ್ಣಿಗೆ ಒಲೆಯ ಹೊಗೆ ಬಂದಿತ್ತು ಎನ್ನುತ್ತೇನೆ ನಾನು. ಒಂದು ಕತೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದು ಎನ್ನುವುದೆಂದರೆ, ನಾನಿದ್ದ ಜಾಗಕ್ಕೆ ನೀನೂ ಒಂದು ಗಳಿಗೆ ಬಾ ಎಂದು ಕರೆಯುವುದೇ ಇರಬೇಕು. ನಾನು ಇಷ್ಟು ದಿನ ಅವಳನ್ನು ಕಾದೆ ಎಂದುಕೊಂಡಿದ್ದೆ. ಅವಳೂ ಮುಂದಿನ ತಿರುವಿನಲ್ಲಿ ನಿಂತು ನನ್ನನ್ನು ಕಾದಿದ್ದಳು.

ಇನ್ನೂ ರಾಶಿ ಕಂತು ಉಳಿದಿದೆ, ಓದೋಣ ಎಂದಳು. ಸಾಕು ಎಂದೆ. ಒಂದೇ ದಿನಕ್ಕೆ ಮುಗಿಸಿಬಿಟ್ಟರೆ ಮುಂದಿನ ಸಲ ಬರಲು ಅವಳಿಗೆ ನೆವ ಬೇಡವೇ? ಅವಳಿಗೆ ಅರ್ಥವಾಯಿತೋ ಏನೋ, ನಕ್ಕು ಮೊಬೈಲ್ ಪಕ್ಕಕ್ಕಿಟ್ಟಳು.

ಸಂಜೆ ಮಗ ಕಾರವಾರದಿಂದ ಬಂದ. ಸೊಸೆ ತಿಸರೆ ಚಿಪ್ಪುಮೀನಿನ ಸುಕ್ಕ ಮಾಡಿದ್ದಳು, ಹೆಂಡತಿ ಬಂಗಡೆ ಸಾರು. ಎಲ್ಲರೂ ಅಡುಗೆಮನೆಯಲ್ಲೇ ಸುತ್ತ ಕೂತೆವು. ಸಂಜನಾ ಹಾಸ್ಟೆಲಿನ ತೆಳು ಸಾರಿನ ಕತೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಹಿಡಿದು ನಿಂತಳು.

"ಎಲ್ಲಾ ನಿನ್ನ ಅಜ್ಜಂಗೇ ಓದು ಓದು ಅಂತೀ. ನಂಗೊಂದು ಸಲವಾದ್ರೂ ಕರ್ದಿದ್ಯಾ ತಂಗಿ?"

ಸಂಜನಾ ಉಣ್ಣುವುದನ್ನು ನಿಲ್ಲಿಸಿದಳು. "ನಿಂಗೆ ನಾನೇ ಮೊದಲಿಂದ ಓದಿ ಹೇಳ್ತೆ ಅಜ್ಜಿ. ಒಂದನೇ ಕಂತಿಂದ."

ಒಂದನೇ ಕಂತಿನಿಂದ ಎಂದರೆ ಅವಳು ಎಷ್ಟು ಸಲ ಊರಿಗೆ ಬರಬೇಕಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಟ್ಟೆ ಮುಂದೆ ಹಿಡಿದು ಇನ್ನೊಂದು ಬಂಗಡೆ ಹಾಕಿಸಿಕೊಂಡೆ.