ಗ್ಯಾಸಿನ ಮೇಡಂ ಯಾವ ಜನ?

"ನೀವು ಯಾವ ಜನ?"

ಸಂಶೋಧನೆಯ ಕೆಲಸ ಸಿಕ್ಕು ಹಾಸನಕ್ಕೆ ಬಂದು ಬಾಡಿಗೆ ಮನೆ ಹುಡುಕುವಾಗ, ಹೆಸರಿಗಿಂತ ಮೊದಲು ಇದನ್ನೇ ಕೇಳಿದರು. ನಾನೊಬ್ಬಳು ಪೆದ್ದಿ, "ಕಲಬುರಗಿ ಜನರೀ" ಎಂದೆ. ಇಲ್ಲಿ ಜನ ಅಂದರೆ ಜಾತಿ. ಅದು ತಿಳಿಯುವಷ್ಟರಲ್ಲಿ ಎರಡು ಮೂರು ಮನೆ ತಪ್ಪಿಹೋಗಿದ್ದವು.

ಜಯಮ್ಮನವರು ಮಾತ್ರ ಕೆಲಸ ಏನೆಂದು ಕೇಳಿದರು. "ಗ್ಯಾಸಿನ ಕೆಲಸ ಅಕ್ಕಾ, ಕಂಪ್ಯೂಟರಿನಲ್ಲಿ" ಎಂದೆ. ಮಹಡಿ ಮನೆ ಅಲ್ಲೇ ಕೊಟ್ಟುಬಿಟ್ಟರು. ಮುದ್ದೆ, ಬಸ್ಸಾರು ತಂದುಕೊಡುತ್ತಿದ್ದರು. ಜೋಳದ ರೊಟ್ಟಿ ಅಗಿದು ಬೆಳೆದ ನನಗೆ "ನುಂಗವ್ವಾ, ಅಗೀಬ್ಯಾಡ" ಎಂದು ಕಲಿಸಿದರು. ಕೊನೆಗೂ ನನಗೊಂದು ಮನೆಯಾಯಿತು ಎಂದುಕೊಂಡೆ.

ಒಂದು ಮಧ್ಯಾಹ್ನ ಮೇಲೆ ಬಂದರು. "ಸಿಲಿಂಡರ್ ಖಾಲಿಯಾಗೋಯ್ತು ಕಣವ್ವ, ನಿಮ್ ಏಜೆನ್ಸಿಯಿಂದ ಬೇಗ ಒಂದು ಕಳ್ಸು."

ನನಗೆ ನಗು ಬಂತು. ಲ್ಯಾಪ್‌ಟಾಪ್ ತೋರಿಸಿದೆ. ಇದು ಆ ಗ್ಯಾಸಲ್ಲ, ಗೆಲಾಕ್ಸಿಗಳ ನಡುವೆ ಹರಡಿರುವ ಗ್ಯಾಸು. ಮೊದಲು ಎಲ್ಲ ಕತ್ತಲೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಮೇಲೆ ಅವುಗಳ ಬೆಳಕು ಬಡಿದು, ಈ ಗ್ಯಾಸಿನ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಹೋದವು. ಆ ಬೆಳಕು ಹೇಗೆ ಹಬ್ಬಿತೆಂದು ಲೆಕ್ಕ ಹಾಕಿ, ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡುತ್ತೇವೆ ಎಂದೆ. ಪರದೆಯ ಮೇಲೆ ಬೆಳಕಿನ ಗುಳ್ಳೆಗಳು ಊದಿಕೊಂಡು ಒಂದರೊಳಗೊಂದು ಸೇರುತ್ತಿದ್ದವು.

"ಚೆನ್ನಾಗದೆ" ಎಂದರು. ಸ್ವಲ್ಪ ಹೊತ್ತು ನೋಡಿ, "ಅಂಗಾರೆ ಏಜೆನ್ಸಿಯೋಳಲ್ಲ. ಯಾವ ಜನ ನೀನು?"

"ಬೌದ್ಧರು ಅಕ್ಕಾ."

"ಅದು ಈಗ. ಮೊದ್ಲು?"

ಥೂ. ಜಗತ್ತು ಮೊದಲು ಹೇಗಿತ್ತೆಂದು ಹುಡುಕುವುದೇ ನನ್ನ ಅನ್ನ. 'ಮೊದಲು' ಎಂಬ ಮಾತು ಇಷ್ಟು ನಾರುತ್ತದೆಂದು ಅಂದೇ ಗೊತ್ತಾಯಿತು. ಮುಚ್ಚಿಡಲು ಮನಸ್ಸಾಗಲಿಲ್ಲ, ಹೇಳಿಬಿಟ್ಟೆ.

ಅಲ್ಲಿಯವರೆಗೆ ಅವ್ವಾ ಆಗಿದ್ದವಳು ಆ ಗಳಿಗೆಯಿಂದ ಮೇಡಂ ಆದೆ. "ನಮ್ದೇನಿಲ್ಲ ಮೇಡಂ, ಅಕ್ಕಪಕ್ಕದೋರು ಒಂದು ಮಾತಾಡ್ತಾರೆ. ನಮ್ ಮಗಳು ಬತ್ತಾವ್ಳೆ, ಮನೆ ಬೇಕು." ಜಯಮ್ಮನಿಗೆ ಇರುವ ಇಬ್ಬರೂ ಗಂಡುಮಕ್ಕಳು. ಸಾರಿನ ಡಬ್ಬಿ ತೊಳೆದು ಕೊಡಲು ಹೋದರೆ ಕೈ ಚಾಚಲೇ ಇಲ್ಲ. "ನೀವೇ ಇಟ್ಕಳಿ" ಎಂದರು. ಆ ಸಾರು ಉಂಡ ನನ್ನ ಹೊಟ್ಟೆಯ ಮೇಲೇ ನನಗೆ ಹೇಸಿಗೆಯಾಯಿತು.

ಈಗ ಚನ್ನರಾಯಪಟ್ಟಣದ ಕಡೆ ಮನೆ ನೋಡುತ್ತಿದ್ದೇನೆ. ಫೋನಿನಲ್ಲಿ ನಮ್ಮವ್ವ ಅಂತಾಳೆ: "ಸಾಕು, ಊರಿಗಿ ಬಾ. ಇಲ್ಲಿ ಯಾರೂ ನಿನಗ ಹಂಗ ಕೇಳಂಗಿಲ್ಲ."

ನಿಜ, ಕೇಳುವುದಿಲ್ಲ. ನಮ್ಮ ಓಣಿಯ ಹೆಸರು ಹೇಳಿದರೆ ಅಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.