ಗಿರಾಕಿಯನ್ನು ಬರಿಗೈಲಿ ಕಳಿಸುತ್ತಿದ್ದ ಗಂಗತ್ತೆ

ಕೈಮಗ್ಗದ ಸೀರೆಗೆ ಹೆಸರಾದ ನಾರಾಯಣಪೇಟೆಯ ನಮ್ಮ ಅಂಗಡಿಯಲ್ಲಿ ಗಿರಾಕಿಯ ಕೈಯಿಂದ ಸೀರೆ ಕಿತ್ತುಕೊಂಡು ಮಡಿಸಿಡುವ ಧೈರ್ಯ ಒಬ್ಬರಿಗೇ ಇತ್ತು. ಅವಳು ನನ್ನ ಸೋದರತ್ತೆ ಗಂಗಮ್ಮ. "ಇದು ನಿನಗ ಒಪ್ಪಂಗಿಲ್ಲವ್ವಾ. ಮನೀಗಿ ಹೋಗಿ ವಿಚಾರ ಮಾಡಿ ಬಾ" ಎಂದುಬಿಡುತ್ತಿದ್ದಳು. ಪಕ್ಕದಲ್ಲಿ ಕುಳಿತ ಅಪ್ಪನ ಮುಖ ಸಪ್ಪಗಾಗುತ್ತಿತ್ತು. ಆದರೆ ಹಾಗೆ ಹೋದವರು ಮುಂದಿನ ಸಲ ನೆಂಟರನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದರು.

ಮಾವ ತೀರಿಹೋದ ಮೇಲೆ ಮಗಳು ಸರೋಜಾಳೊಂದಿಗೆ ತವರಿಗೆ ಬಂದು, ತಮ್ಮನ ಅಂಗಡಿಯಲ್ಲಿ ಕುಳಿತವಳು ಅತ್ತೆ. ಹಣೆತುಂಬ ವಿಭೂತಿ, ದಪ್ಪ ಕನ್ನಡಕ, ತೊಡೆಯ ಮೇಲೆ ಪತ್ರಿಕೆ. ಗಡಿಯೂರಲ್ಲವೇ, ಬೆಳಿಗ್ಗೆ ತೆಲುಗಿನದು, ಮಧ್ಯಾಹ್ನ ರಾಯಚೂರು ಕಡೆಯಿಂದ ಬಸ್ಸಿನಲ್ಲಿ ಬರುವ ಕನ್ನಡದ್ದು. ಸೀರೆ ಹರಡುತ್ತಲೇ ಚುನಾವಣೆ, ಯುದ್ಧ, ಟೊಮೆಟೊ ಧಾರಣೆ ಎಲ್ಲವೂ ಚರ್ಚೆಯಾಗಬೇಕು. ಮಕ್ತಲ್‌ನ ನಿವೃತ್ತ ಮೇಷ್ಟ್ರೊಬ್ಬರು ಏನನ್ನೂ ಕೊಳ್ಳದೆ, ರಾಜಕೀಯದ ಜಗಳ ಆಡಲೆಂದೇ ಬರುತ್ತಿದ್ದರು. ಜೋರು ವಾದದ ನಡುವೆಯೂ ಅವರಿಗೆ ಚಹಾ ಬರುತ್ತಿತ್ತು.

ಒಮ್ಮೆ ಮನೆಯ ಫ್ರಿಜ್ ಕೆಟ್ಟಿತು. ಕಂಪನಿಗೆ ಫೋನ್ ಹಚ್ಚಿದರೆ ಆ ಗುಂಡಿ ಒತ್ತಿ, ಈ ಗುಂಡಿ ಒತ್ತಿ, ನಡುನಡುವೆ ಹಾಡು; ಮತ್ತೆ "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂಬ ದನಿ. ಅತ್ತೆ ತಾಳುವಷ್ಟು ತಾಳಿ ಯಂತ್ರಕ್ಕೇ ಗದರಿದಳು: "ಅಷ್ಟು ಮುಖ್ಯ ಇದ್ರ ಎದ್ದು ಬಂದು ಮಾತಾಡ್ರಿ! ಗಿರಾಕಿ ಬಂದ್ರ ನಾನು ಹಾಡು ಹಚ್ಚಿ ಒಳಗ ಹೋಗಿ ಕುಂದರ್ತೀನೇನು?" ಕೊನೆಗೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು. ದಣಿದ ದನಿ. ಅತ್ತೆಯ ಸಿಟ್ಟು ಅಲ್ಲೇ ಇಳಿಯಿತು. "ತಿನ್ನಾವಾ ಅಮ್ಮಾ?" ಎಂದು ತೆಲುಗಿನಲ್ಲಿ ಮೊದಲು ಅವಳ ಊಟ ವಿಚಾರಿಸಿದಳು, ಆಮೇಲೆ ಫ್ರಿಜ್ಜಿನ ಸುದ್ದಿ.

ಅತ್ತೆ ಎಂಥವಳೆಂದು ನನಗೆ ನಿಜವಾಗಿ ತಿಳಿದದ್ದು ಒಂದು ವಿಡಿಯೊದಿಂದ. ದಾಮರಗಿದ್ದದ ಪದ್ಮಾ ಎಂಬಾಕೆ ನಮ್ಮಲ್ಲಿ ಕೊಂಡ ಸೀರೆ ಹಿಡಿದು, "ಕೈಮಗ್ಗದ್ದು ಅಂತ ಹೇಳಿ ಮಿಷಿನ್ ಸೀರಿ ಕೊಟ್ಟಾರ" ಎಂದು ಅಂಗಡಿಯ ಹೆಸರು ಹೇಳಿದ್ದಳು. ಸಂಜೆಯೊಳಗೆ ಅದು ಊರಿನವರ ಫೋನುಗಳಲ್ಲೆಲ್ಲ ಓಡಾಡಿತು. ಮದುವೆಯ ಕಾಲ, ಮರುದಿನ ಅಂಗಡಿಯ ಮೆಟ್ಟಿಲು ಯಾರೂ ಹತ್ತಲಿಲ್ಲ. ಅಪ್ಪ ಪೊಲೀಸ್ ಠಾಣೆಗೆ ಹೊರಟ.

"ಮೊದಲು ಸೀರಿ ನೋಡೋಣ, ತಡಿಯೋ ತಮ್ಮಾ" ಎಂದು ಅವನನ್ನು ಕೂರಿಸಿ, ಅತ್ತೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಜಗಳಕ್ಕೆ ಬಂದರೆಂದು ಪದ್ಮಾ ಹೆದರಿ ಬಾಗಿಲಲ್ಲೇ ನಿಂತಳು. ಅತ್ತೆ ಕಟ್ಟೆಯ ಮೇಲೆ ಕುಳಿತು ಸೀರೆಯನ್ನು ಹಿಂದುಮುಂದು ನೋಡಿದಳು. ಅಂಚಿನ ನೂಲನ್ನು ಉಗುರಿನಿಂದ ಬಿಡಿಸಿದಳು. ಆಮೇಲೆ, "ನೀ ಖರೇ ಹೇಳಿದಿ. ಇದು ಕೈಮಗ್ಗದ್ದಲ್ಲ. ನಿನ್ನ ಫೋನು ಚಾಲೂ ಮಾಡು, ನಾನೂ ಮಾತಾಡ್ತೀನಿ" ಎಂದಳು.

ನಾನು ಅವಳ ಸೆರಗು ಜಗ್ಗಿದೆ. "ಅತ್ತಿ, ಅಪ್ಪಗ ಒಂದ್ ಮಾತು ಕೇಳೋಣ."

"ನಿಮ್ಮಪ್ಪ ಬ್ಯಾಡ ಅಂತಾನ. ಅದಕ್ಕ ಕೇಳಂಗಿಲ್ಲ."

ಫೋನಿನ ಮುಂದೆ ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳಿದಳು: "ನಾನು ಸೀರಿ ಅಂಗಡಿ ಗಂಗಮ್ಮ. ಈಕಿ ಹೇಳಿದ್ದು ಖರೇ ಐತಿ. ಮಾಲು ತಂದವನ ಮ್ಯಾಲ ಹಾಕಂಗಿಲ್ಲ, ಕೊಟ್ಟ ಕೈ ನಂದು. ಯಾರಿಗೆ ಅನುಮಾನ ಐತಿ, ಸೀರಿ ತಗೊಂಡು ಬರ್ರಿ. ಉಟ್ಟಿದ್ರೂ ಪರವಾ ಇಲ್ಲ, ಬದಲಿ ಕೊಡ್ತೀನಿ."

ಅಪ್ಪ ಕೆಲವು ದಿನ ಅಕ್ಕನೊಂದಿಗೆ ಮಾತು ಬಿಟ್ಟ. ಕೋಸಗಿಯಿಂದ, ದೂರದ ಶಾಂತಿನಗರದಿಂದಲೂ ಜನ ಸೀರೆ ಹಿಡಿದು ಬಂದರು. ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಕೆಲವನ್ನು ಬದಲಿಸಿಕೊಟ್ಟಳು, ಹೆಚ್ಚಿನವು ಅಪ್ಪಟ ಕೈಮಗ್ಗದವೇ ಆಗಿದ್ದವು. ಬಂದವರು ಬಂದ ಕಾಲಲ್ಲೇ ಮದುವೆಯ ಬಟ್ಟೆ ನೋಡತೊಡಗಿದರು. ಒಂದು ದಿನ ಹೊಸ ಗಿರಾಕಿಯೊಬ್ಬಳು, "ವಿಡಿಯೊದಾಗ ಮಾತಾಡಿದ ಅಮ್ಮ ಯಾರ್ರೀ?" ಎಂದು ಕೇಳಿದಾಗ ಅಪ್ಪ ಗದ್ದಿಗೆಯಿಂದ ಎದ್ದೇ ನಿಂತ. "ನಮ್ಮಕ್ಕರೀ" ಎಂದ. ಅಪ್ಪನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೂ ಎದ್ದು ನಿಲ್ಲಬೇಕೆನಿಸಿತು.

ಕಾಲು ಸೋತ ಮೇಲೆ ಅತ್ತೆ ಗದ್ವಾಲದಲ್ಲಿ ಸರೋಜಾಳ ಮನೆ ಸೇರಿದಳು. ನೋಡಲು ಹೋದಾಗ, "ಇಷ್ಟು ವರ್ಷ ಮಾರಿದ್ದಾತು, ಒಂದ್ ಸಲ ಗಿರಾಕಿ ಆಗಿ ಕುಂದರಬೇಕು ನೋಡು" ಎಂದು ಹಟ ಹಿಡಿದಳು. ಆಟೋದಲ್ಲಿ ಸೀರೆ ಅಂಗಡಿಗೆ ಕರೆದೊಯ್ದೆ. ಅಲ್ಲಿ ತರುಣಿಯೊಬ್ಬಳು ಅವಳ ಬೆನ್ನಿಗೆ ದಿಂಬು ಇಟ್ಟು, ನೀರು ಕೊಟ್ಟು, ಬೇಸರವಿಲ್ಲದೆ ಗದ್ವಾಲ ಸೀರೆಗಳ ರಾಶಿಯನ್ನೇ ಬಿಚ್ಚಿದಳು. ಅತ್ತೆ ಬೇಕೆಂದೇ ಕಾಡಿದಳು. ಕೊನೆಗೆ ಒಂದು ನೀಲಿ ಸೀರೆ ಆರಿಸಿ, ಮಾಲೀಕನನ್ನು ಕರೆದು, "ಈ ಹುಡುಗೀನ ಚಲೋ ನೋಡ್ಕೊರಿ. ನಿಮ್ಮ ಅಂಗಡಿ ಅಂದ್ರ ಈಕೀನೇ" ಎಂದಳು.

ಅದೇ ನಮ್ಮ ಕೊನೆಯ ಭೇಟಿ. ದೀಪಾವಳಿಗೆ ಮೊದಲೇ ಅತ್ತೆ ಹೋದಳು. ಅಂದು ಆಟೋದಲ್ಲಿ ಆ ನೀಲಿ ಸೀರೆಯನ್ನು ನನ್ನ ಮಡಿಲಿಗೆ ಹಾಕಿ, ಕೈ ಒತ್ತಿ ಹಿಡಿದು ಹೇಳಿದ್ದಳು: "ಇದು ನಿನಗ. ಆದ್ರ ಲಗ್ನದ ದಿನ ಮಾತ್ರ ನಮ್ಮೂರ ಸೀರೀನೇ ಉಡಬೇಕು. ಗದ್ವಾಲದ ಮಂದಿ ಮುಂದ ನನ್ನ ಮಾನ ಕಳೀಬ್ಯಾಡ ಮತ್ತ!"