ರೊಟ್ಟಿಯವಳಿಗೆ ಎರಡೇ ಮಾರ್ಕು

ಗೈಡ್ ಅಂದರೆ ನಮಗೆ ದೇವರು. ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ಬಿ.ಎ. ಓದುತ್ತಿದ್ದ ನಮ್ಮಂಥ ಕನ್ನಡ ಮೀಡಿಯಂ ಹುಡುಗಿಯರಲ್ಲಿ ಇಂಗ್ಲಿಷ್ ಕಾದಂಬರೀನ ಪೂರ್ತಿ ಓದಿದವರು ಒಬ್ಬರೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುವವಳು. ನನ್ನ ಗೆಳತಿ ಕುಣಿಗಲ್ ಕಡೆಯವಳು, ಹಾಸ್ಟೆಲ್ಲಿನಲ್ಲಿದ್ದಳು. ಇಬ್ಬರಿಗೂ ಸೇರಿ ಒಂದೇ ಗೈಡು.

ಕೊನೇ ವರ್ಷ ಒಂದು ಹಳೇ ಕಾದಂಬರಿ ಇತ್ತು. ಮುಂದೆಂದೋ ಬರೋ ಕೆಟ್ಟ ಕಾಲದ ಕತೆ. ಯಾರು ಏನು ಓದಬೇಕು, ಯಾರು ಯಾರನ್ನ ಮದುವೆಯಾಗಬೇಕು, ಎಲ್ಲಾ ಸರ್ಕಾರವೇ ಹೇಳೋ ಊರು. ಒಬ್ಬ ಗಂಡಸು ಅದರ ವಿರುದ್ಧ ಚೀಟಿ ಬರೀತಾನೆ. ಆ ಚೀಟಿಗಳನ್ನ ರೊಟ್ಟಿಯೊಳಗಿಟ್ಟು ಮನೆಮನೆಗೆ ಮುಟ್ಟಿಸೋಳು ಒಬ್ಬ ಹೆಂಗಸು. ಒಂದಿನ ಅವಳು ಸಿಕ್ಕಿಬೀಳ್ತಾಳೆ. ಆಮೇಲೆ ಅವಳ ಸುದ್ದಿಯೇ ಇಲ್ಲ, ಉಳಿದ ನೂರು ಪುಟ ಪೂರ್ತಿ ಅವನ ಸಂಕಟ. ನಮ್ಮ ಗೈಡಿನಲ್ಲಿ ಆ ರೊಟ್ಟಿಯವಳು ‘ಮೈನರ್ ಕ್ಯಾರೆಕ್ಟರ್’, ಎರಡು ಮಾರ್ಕಿನ ಪ್ರಶ್ನೆ.

ಗೆಳತಿ ಉರಿದುಬಿದ್ದಳು. “ಏನೇ ಇದು? ಬರೆದೋನು ಬೆಚ್ಚಗೆ ರೂಮಲ್ಲಿ ಕೂತವ್ನೆ. ಹೊತ್ಕೊಂಡು ಹೋದೋಳು ಇವ್ಳು, ತಲೆ ಹೋಗೋದು ಇವ್ಳದ್ದು. ಇವ್ಳು ಮೈನರ್ರಾ?”

“ಎರಡು ಮಾರ್ಕು ಕಣೇ, ಬುಡು” ಅಂದೆ ನಾನು.

ಬಿಡುವ ಪೈಕಿಯಲ್ಲ ಅವಳು. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಅದೇ ಕತೆಯನ್ನ ರೊಟ್ಟಿಯವಳ ಬಾಯಲ್ಲಿ ಬರೆಯೋಕೆ ಶುರುಮಾಡಿದಳು. ಅವಳ ಕತೆಯಲ್ಲಿ ಆ ಹೆಂಗಸು ಪ್ರತಿ ಚೀಟಿಯನ್ನೂ ಮೊದಲು ತಾನೇ ಓದುತ್ತಾಳೆ. ಚೆನ್ನಾಗಿಲ್ಲದಿದ್ದರೆ ತಿದ್ದುತ್ತಾಳೆ. ಆ ಗಂಡಸು ಹೆದರಿ ಸುಮ್ಮನಾದ ಮೇಲೂ ಇವಳು ಸಿಕ್ಕಿಬೀಳುವುದಿಲ್ಲ, ತಾನೇ ಚೀಟಿ ಬರೆದು ಹಂಚುತ್ತಾಳೆ. ಊರಿಗೆ ಗೊತ್ತೇ ಆಗಲ್ಲ, ಬರೆಯೋ ಕೈ ಬದಲಾಗಿದೆ ಅಂತ. ಕಾಲೇಜಿನ ಹಿಂದಿನ ಹೊಂಗೆ ಮರದ ಕೆಳಗೆ ಕೂತು ನಾನು ಅವಳ ಇಂಗ್ಲಿಷ್ ತಿದ್ದುತ್ತಿದ್ದೆ. “ರೊಟ್ಟೀಲಿ ಚೀಟಿ ನಿಲ್ಲಕಿಲ್ಲ ಕಣೇ, ಮುದ್ದೆಯಾಗಿದ್ರೆ ಸರಿಯಾಗಿರೋದು” ಅಂತ ನಗುತ್ತಿದ್ದಳು.

ಅವಳ ಮನೆಯಲ್ಲೂ ಒಂದು ಸರ್ಕಾರ ಇತ್ತು. ಸೋದರಮಾವ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿದ್ದ, ಅವನಿಗೇ ಇವಳು ಅಂತ ಇವಳು ಹುಟ್ಟಿದಾಗಲೇ ಮಾತಾಗಿತ್ತು. ಇವಳ ಅಪ್ಪ ಒಂದು ಅವಕಾಶ ಕೊಟ್ಟಿದ್ದರು: ಒಂದೇ ಸಲಕ್ಕೆ ಪಾಸಾದರೆ ಎಂ.ಎ.ಗೆ ಕಳಿಸ್ತೀನಿ, ಒಂದು ಸಬ್ಜೆಕ್ಟ್ ಹೋದರೂ ಮದುವೆ. ಇಷ್ಟು ಗೊತ್ತಿದ್ದೂ ಆ ಹುಚ್ಚಿ ಪರೀಕ್ಷೆಯ ಹಿಂದಿನ ದಿನ ನನ್ನ ಕೈ ಹಿಡಿದು ಕೇಳಿದಳು: “ಕೊನೆ ಬಗ್ಗೆ ಪ್ರಶ್ನೆ ಬಂದ್ರೆ ಇಬ್ರೂ ನಮ್ಮ ಕತೇನೇ ಬರೆಯಾಣ. ಕಾದಂಬರಿ ಹೀಗೆ ಮುಗೀಬೇಕಿತ್ತು ಅನ್ನಾಣ. ಒಬ್ಳೇ ಬರೆದ್ರೆ ಹುಚ್ಚು ಅಂತಾರೆ, ಇಬ್ರು ಬರೆದ್ರೆ ಅಭಿಪ್ರಾಯ ಅಂತಾರೆ.”

“ಆಣೆಗೂ ಬರೀತೀನಿ” ಅಂದೆ.

ಪ್ರಶ್ನೆ ಬಂತು, ಇಪ್ಪತ್ತು ಮಾರ್ಕಿಗೆ. ಅವಳು ಎರಡು ಬೆಂಚು ಮುಂದೆ ಕೂತು ತಲೆಯೆತ್ತದೆ ಬರೆಯುತ್ತಿದ್ದಳು. ನಾನೂ ಅವಳ ಕತೆಯ ಮೊದಲ ಸಾಲು ಬರೆದೆ. ಬರೆದು, ನೋಡಿ, ಹೆದರಿದೆ. ಅಡ್ಡಗೆರೆ ಎಳೆದು ಗೈಡಿನ ಉತ್ತರವನ್ನ ಅಕ್ಷರ ಬಿಡದೆ ಇಳಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ರಿಸಲ್ಟ್ ಬಂದ ದಿನ ಬೋರ್ಡಿನ ಮುಂದೆ ಅವಳು ಮೊದಲು ಹುಡುಕಿದ್ದು ನನ್ನ ನಂಬರನ್ನ. ನಾನು ಪಾಸು. ಅವಳದು ಅದೊಂದು ಪೇಪರ್ ಹೋಗಿತ್ತು. ಅಳುತ್ತಾಳೆ ಅಂದುಕೊಂಡರೆ ನನ್ನನ್ನ ತಬ್ಬಿಕೊಂಡು, “ನಿಂದಾಯ್ತಲ್ಲ ಕಣೇ! ಅಂದ್ರೆ ಕತೆ ತಪ್ಪಿಲ್ಲ. ನನ್ ಪೇಪರ್ ಯಾವನೋ ಮುಂಗೋಪಿ ಕೈಗೆ ಸಿಕ್ಕೈತೆ ಅಷ್ಟೆ. ಬಾ, ಮೇಡಮ್ ಹತ್ರ ಹೋಗಾಣ. ಒಂದೇ ಉತ್ತರ, ಒಂದು ಪಾಸು, ಒಂದು ಫೇಲು ಹೆಂಗಾಯ್ತದೆ ಅಂತ ಕೇಳಾಣ” ಅಂದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. “ಯಾಕ್ ಸುಮ್ನೆ, ಆಗಲ್ಲ ಬುಡು” ಅಂದೆ. ಅವಳು ನಂಬಿದಳು. ಎರಡು ತಿಂಗಳಿಗೆ ಸೋದರಮಾವನ ಜೊತೆ ಅವಳ ಮದುವೆಯಾಯಿತು, ನಾನು ಹೋಗಿ ಉಂಡು ಬಂದೆ.

ನಾನು ಎಂ.ಎ. ಮಾಡಿದೆ, ಲೆಕ್ಚರರ್ ಆದೆ. ಎರಡು ಸಾವಿರದ ಈಚೆಗೆ ಸಿಲಬಸ್ಸಿಗೆ ಹೊಸದೊಂದು ಪಾಠ ಬಂತು. ಅಂಥ ಹಳೇ ಕಾದಂಬರಿಗಳನ್ನೇ, ನಮ್ಮ ರೊಟ್ಟಿಯವಳದನ್ನೂ ಸೇರಿಸಿ, ಹೆಂಗಸರ ಕಡೆಯಿಂದ ತಿರುಗಿ ಬರೆದ ಪುಸ್ತಕಗಳು. ಮೂಲದಲ್ಲಿ ಮೂಲೆಗೆ ತಳ್ಳಿಸಿಕೊಂಡವಳು ಇಲ್ಲಿ ತಾನೇ ಕತೆ ಹೇಳುತ್ತಾಳೆ. ದೊಡ್ಡ ದೊಡ್ಡವರು ಸೆಮಿನಾರಿನಲ್ಲಿ ಅದನ್ನ ಹೊಗಳುವಾಗ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಇದನ್ನ ಹೊಂಗೆ ಮರದ ಕೆಳಗೆ ಒಬ್ಬಳು ಆಗಲೇ ಬರೆದಿದ್ದಳು. ಪಾಠ ಹೇಳುವಾಗ ಮೂಲ ಕತೆಯನ್ನ ಮೊದಲು ಹೇಳಬೇಕು, ವರ್ಷ ವರ್ಷ ಅದೇ ಮಾತು ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿತ್ತು.

ಆಮೇಲೊಂದು ಸಲ ಕುಣಿಗಲ್ಲಿಗೆ ಪರೀಕ್ಷೆ ಡ್ಯೂಟಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಂದಿನಿಂದ ಬೆನ್ನಿಗೊಂದು ಗುದ್ದು ಬಿತ್ತು. ಅವಳೇ! ಮೈ ಸೊರಗಿತ್ತು, ನಗು ಹಾಗೇ ಇತ್ತು. ಜೊತೆಯಲ್ಲಿ ಯೂನಿಫಾರ್ಮಿನಲ್ಲಿದ್ದ ಮಗಳು.

“ನೋಡು ಪುಟ್ಟಿ, ನಾನು ಹೇಳ್ತಿರ್ತೀನಲ್ಲ, ಆ ಆಂಟಿ. ನನ್ ಕತೆ ಬರೆದೇ ಇವ್ರು ಪಾಸಾಗಿದ್ದು. ಈಗ ಕಾಲೇಜಲ್ಲಿ ಮೇಡಮ್ಮು” ಅಂದಳು. ಅವಳ ಮುಖದಲ್ಲಿದ್ದ ಹೆಮ್ಮೆಯನ್ನ ನೋಡಲಾಗದೆ ನಾನು ಮಗುವಿನ ಕಡೆ ತಿರುಗಿದೆ. ಇಷ್ಟು ವರ್ಷ ಅದೊಂದನ್ನೇ ಹಿಡಿದುಕೊಂಡು ಬದುಕಿದ್ದಾಳೆ ಅನ್ನಿಸಿತು.

ಮಗು ಪಾಠ ಒಪ್ಪಿಸಿಕೊಳ್ಳುವವಳ ಹಾಗೆ ಕೇಳಿತು: “ಹಂಗಾದ್ರೆ ಹೇಳಿ ಆಂಟಿ, ಕೊನೇಗೆ ರೊಟ್ಟಿಯವಳು ಏನಾಯ್ತಾಳೆ?”

“ಸಿಕ್ಕಿಬೀಳ್ತಾಳೆ ಪುಟ್ಟಿ” ಅಂದುಬಿಟ್ಟೆ. “ಆಮೇಲೆ ಅವಳ ಸುದ್ದಿ ಇಲ್ಲ.”

ನಾಲಿಗೆ ಕಚ್ಚಿಕೊಂಡೆ, ಆಗಲೇ ತಡವಾಗಿತ್ತು. ಗೆಳತಿ ನನ್ನ ಮುಖ ನೋಡಿದಳು. ಅವಳ ನಗು ಹೋಗಿದ್ದು ನನಗೆ ಕಾಣಿಸಿತು. ಬೈದಿದ್ದರೆ, ಇನ್ನೊಂದು ಗುದ್ದು ಕೊಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೆಬ್ಬೂರಿನ ಕಡೆ ಬಸ್ಸು ಬಂದು ನಿಂತಿತು. ಅವಳು ಮಗಳ ಬ್ಯಾಗನ್ನ ತನ್ನ ಹೆಗಲಿಗೆ ಹಾಕಿಕೊಂಡಳು.

“ಅದು ಪುಸ್ತಕದಲ್ಲಿರೋದು ಪುಟ್ಟಿ” ಅಂದಳು. “ನಮ್ದು ಮನೇಗೋಗಿ ನಾನೇ ಹೇಳ್ತೀನಿ, ಬಾ.”